ಪ್ರತಿ ಮನೆಗೂ ಒಂದರಿಂದ ಎಣಿಸಿದವರು

ಅವರು ತೀರಿಕೊಂಡ ಸುದ್ದಿಯನ್ನು ಪತ್ರಿಕೆಗೆ ಬರೆದು ಕಳಿಸಿದವನು ನಾನೇ. ವಯಸ್ಸು, ಊರು, ಮಾಡಿದ ಕೆಲಸ, ಅಂತ್ಯಕ್ರಿಯೆ ನಡೆದ ಜಾಗ. ಡೆಸ್ಕಿನವರು ಅದನ್ನು ಒಂದು ಕಾಲಮ್ಮಿನ ತಳಕ್ಕೆ ಇಳಿಸಿ, ‘ಕುರಿ ಸಾಕುವವರ ಸಂಘದ ಕಂಪ್ಯೂಟರ್ ವಿಭಾಗದಲ್ಲಿ ಸೇವೆ ಸಲ್ಲಿಸಿದ್ದರು’ ಎಂದು ಮುಗಿಸಿದರು. ಅದರಲ್ಲಿ ತಪ್ಪೇನಿಲ್ಲ. ಊರ ಮಟ್ಟದ ಸಾವಿಗೆ ಪತ್ರಿಕೆಯಲ್ಲಿ ಅಷ್ಟೇ ಜಾಗ. ಅವರ ಹೆಸರು ಅಲ್ಲಿ ಬಂದಿದೆ, ಇಲ್ಲಿ ಬರೆಯುವುದಿಲ್ಲ. ಹೆಸರಿನ ಮೇಲೆ ಅವರಿಗೇ ನಂಬಿಕೆ ಕಡಿಮೆಯಿತ್ತು. ನಮ್ಮ ಕಡೆ ಒಂದೊಂದು ಊರಲ್ಲಿ ಒಂದೇ ಹೆಸರಿನವರು ಓಣಿ ಓಣಿಗೆ ಸಿಗುತ್ತಾರೆ. ತಮ್ಮ ಹೆಸರಿನವರೇ ಜಹೀರಾಬಾದಿನಲ್ಲಿ ಇನ್ನೂ ಮೂವರಿದ್ದಾರೆ, ಅದರಲ್ಲೊಬ್ಬ ದರ್ಜಿ, ತಮಗಿಂತ ಹೆಸರುವಾಸಿ ಎಂದು ಹೇಳುತ್ತಿದ್ದರು.

ಜಹೀರಾಬಾದಿನಲ್ಲಿ ಹೈವೇಗೆ ಮುಖ ಮಾಡಿದ ಒಂದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಮೇಲೆ ಎರಡು ಕೋಣೆಗಳಿದ್ದವು. ಒಂದರಲ್ಲಿ ಗಡಿಭಾಗದ ಸುದ್ದಿ ಬರೆಯುವ ನಾನು, ಇನ್ನೊಂದರಲ್ಲಿ ಅವರು. ಅವರ ಬಾಗಿಲ ಮೇಲಿನ ಸಂಘದ ಬೋರ್ಡು ತೆಲುಗು, ಉರ್ದು, ಕನ್ನಡ ಮೂರರಲ್ಲೂ ಇತ್ತು. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರೂ ಕಡೆ ಸಂಘಕ್ಕೆ ಆಫೀಸುಗಳಿದ್ದವು. ಸುತ್ತಲಿನ ಹಳ್ಳಿಗಳ ಕುರಿಗಾರರು ಅದರ ಸದಸ್ಯರು. ಕುರಿಗಳಿಗೆ ಲಸಿಕೆ ಹಾಕಿಸುವುದು, ಬೇನೆ ಬಂದರೆ ಡಾಕ್ಟರನ್ನು ಕಳಿಸುವುದು ಸಂಘದ ಕೆಲಸ. ಯಾವ ಕುರಿಗೆ ಯಾವ ಲಸಿಕೆ ಆಗಿದೆ ಎಂದು ತಿಳಿಯಲು ಪ್ರತಿ ಕುರಿಯ ಕಿವಿಗೆ ಒಂದು ಹಳದಿ ಪ್ಲಾಸ್ಟಿಕ್ ತುಂಡು ಹಾಕುತ್ತಿದ್ದರು. ಎಲ್ಲರೂ ಅದಕ್ಕೆ ಬಿಲ್ಲೆ ಅನ್ನುತ್ತಿದ್ದರು. ಬಿಲ್ಲೆಯ ಮೇಲೆ ಮನೆಯ ಗುರುತು, ಅದರ ಕೆಳಗೆ ಕುರಿಯ ನಂಬರು. ಆ ನಂಬರುಗಳೆಲ್ಲ ಕೂತಿದ್ದ ಡೇಟಾಬೇಸನ್ನು ಕಟ್ಟಿದವರು ಇವರು. ಕುರಿಗಾರರು ಇವರನ್ನು ಕರೆಯುತ್ತಿದ್ದದ್ದು ನಂಬರ್ ಸಾಹೇಬ್ರು ಎಂದು.

ಪರಿಚಯವಾದದ್ದು ಒಂದು ತಕರಾರಿನಿಂದ. ಬೊಮ್ರಾಸಪೇಟ್ ಕಡೆ ಬೇನೆ ಬಿದ್ದು ‘ಹತ್ತಾರು ಕುರಿಗಳ ಸಾವು’ ಎಂದು ನಾನು ಬರೆದಿದ್ದೆ. ಮರುದಿನ ಬೆಳಿಗ್ಗೆ ಅವರು ಪತ್ರಿಕೆ ಮಡಚಿ ಹಿಡಿದುಕೊಂಡು ನನ್ನ ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ.

“ಹತ್ತಾರು ಅಂದ್ರ ಎಷ್ಟ್ರಿ?”

“ಡಾಕ್ಟರು ಹದಿನೆಂಟು ಅಂದಾರ.”

“ಯಾರ ಮನೀವು?”

“ಎಲ್ಲಾ ಸೇರಿ.”

“ಡಾಕ್ಟರು ಸೇರಿಸಿ ಹೇಳ್ತಾರ್ರಿ. ಸತ್ತದ್ದು ಮನಿ ಮನಿಗಿ ಸತ್ತಾವ,” ಎಂದರು. ಅಷ್ಟು ಹೇಳಿ ತಮ್ಮ ಕೋಣೆಗೆ ಹೋದರು.

‘ಯಾರ ಮನೀದು?’ ಎನ್ನುವುದು ಅವರ ಬಾಯಲ್ಲಿ ಸದಾ ಇರುವ ಪ್ರಶ್ನೆ. ಯಾರಾದರೂ ಬರೀ ಏಳು ಅಂದರೆ ಅವರ ಮಟ್ಟಿಗೆ ಅದು ಅರ್ಧ ಮಾತು. ಯಾರ ಮನೆಯ ಏಳು ಎಂದು ತಿಳಿದ ಮೇಲೆಯೇ ಅದು ನಂಬರು. ಕೆಳಗಿನ ಚಹಾದ ಅಂಗಡಿಯವನು ಇದನ್ನು ಕೇಳಿ ಕೇಳಿ ಬೇಸತ್ತಿದ್ದ. ನಾನು ಮೂರು ಚಹಾ ಹೇಳಿದರೆ, “ಯಾರ ಮನಿ ಮೂರ್ರಿ?” ಎಂದು ಮಾಳಿಗೆಗೆ ಕೇಳುವಂತೆ ಕೂಗುತ್ತಿದ್ದ. ಇವರು ನಗುತ್ತಿರಲಿಲ್ಲ. ಸಿಟ್ಟಾಗುತ್ತಲೂ ಇರಲಿಲ್ಲ. ಚಹಾವನ್ನು ತಟ್ಟೆಗೆ ಸುರಿದು, ಆರುವ ತನಕ ಮೇಜಿನ ಮೇಲೆ ಬೆರಳಿನಿಂದ ಏನೋ ಬರೆಯುತ್ತ ಕೂರುತ್ತಿದ್ದರು.

ಸಂಘ ಶುರುವಾದಾಗ ಮ್ಯಾನೇಜರು ಹೇಳಿದ್ದು ಬೇರೆ. ಒಂದು, ಎರಡು, ಮೂರು ಎಂದು ಇಡೀ ಸಂಘದ ಕುರಿಗಳಿಗೆಲ್ಲ ಒಂದೇ ಸಾಲಿನ ನಂಬರು ಕೊಟ್ಟುಬಿಡಿ, ಕಂಪ್ಯೂಟರು ತಾನೇ ಕೊಡುತ್ತದೆ, ತಲೆನೋವಿಲ್ಲ ಎಂದಿದ್ದರು. ಅದು ಸುಲಭದ ದಾರಿಯೂ ಹೌದು. ಇವರು ಒಪ್ಪಲಿಲ್ಲ.

“ಒಬ್ಬಾಕಿ ಮುದುಕಿ ಫೋನ್ ಮಾಡಿ, ನಲವತ್ತು ಸಾವಿರದ ಮೂರನೂರ ಹನ್ನೆರಡಕ್ಕ ಜ್ವರ ಬಂದದ ಅಂತಾಳೇನ್ರಿ? ತನ್ನ ಮನಿ ಹನ್ನೆರಡು ಅಂತಾಳ.”

ಹಾಗಾಗಿ ಪ್ರತಿ ಮನೆಗೂ ನಂಬರು ಒಂದರಿಂದ ಶುರು. ಹೊಸ ಕುರಿ ಬಂದರೆ ಆ ಮನೆಯ ಕೊನೆಯ ನಂಬರು ನೋಡಿ ಅದಕ್ಕೆ ಒಂದು ಸೇರಿಸುವುದು. ಮನೆಯ ಗುರುತು ಮತ್ತು ಈ ನಂಬರು, ಎರಡೂ ಕೂಡಿದರೆ ಆ ಕುರಿ. ಬೇರೆ ಯಾವ ಗುರುತೂ ಬೇಡ ಎಂಬುದು ಅವರ ಹಟ. ಒಂದು ಕುರಿಗೆ ಎರಡು ನಂಬರು ಇಟ್ಟರೆ ಯಾವುದನ್ನು ನಂಬುವುದು ಎಂದು ಕೇಳುತ್ತಿದ್ದರು. ಅದಕ್ಕೂ ಮೊದಲು ಅವರು ಟ್ರ್ಯಾಕ್ಟರ್ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಇದ್ದವರು. ಒಂದೇ ಬೋಲ್ಟಿಗೆ ಎರಡು ನಂಬರು ಬರೆದು ಇಡೀ ಒಂದು ಪಾಳಿ ಕೆಲಸ ನಿಲ್ಲಿಸಿದ ಕಥೆಯನ್ನು ಯಾರು ಕೇಳಿದರೂ ಹೇಳುತ್ತಿದ್ದರು, ಕೇಳದಿದ್ದರೂ ಹೇಳುತ್ತಿದ್ದರು.

ಅವರ ಲೆಕ್ಕ ಮೊದಲ ಸಲ ಕೈಕೊಟ್ಟದ್ದು ಸಾಬಮ್ಮನ ಮನೆಯಲ್ಲಿ.

ಸಾಬಮ್ಮ ಬಶೀರಾಬಾದ್ ಕಡೆಯ ಸಣ್ಣ ಊರಿನವಳು. ಇಬ್ಬರು ಗಂಡುಮಕ್ಕಳಿದ್ದರೂ ಹಿಂಡಿನ ಯಜಮಾನಿಕೆ ಅವಳದೇ. ಸುಗ್ಗಿ ಮುಗಿದ ಮೇಲೆ ದೊಡ್ಡಮಗ ಅರ್ಧ ಹಿಂಡು ಹೊಡಕೊಂಡು ನಾರಾಯಣಖೇಡದ ಕಡೆ ಮಂಜೀರಾ ನದಿಯ ದಂಡೆಗೆ ಹೋಗುತ್ತಿದ್ದ. ಸಣ್ಣಮಗ ಉಳಿದ ಕುರಿಗಳೊಂದಿಗೆ ತಾಂಡೂರಿನ ಸುತ್ತಮುತ್ತ ಇರುತ್ತಿದ್ದ. ಒಂದು ಬೆಳಿಗ್ಗೆ ದೊಡ್ಡಮಗ ನಾರಾಯಣಖೇಡದ ಆಫೀಸಿನಲ್ಲಿ ಒಂದು ಟಗರಿಗೆ ಬಿಲ್ಲೆ ಕೇಳಿದ. ಅದೇ ಹೊತ್ತಿಗೆ ಸಣ್ಣಮಗ ತಾಂಡೂರಿನಲ್ಲಿ ಒಂದು ಹೆಣ್ಣು ಕುರಿಗೆ ಕೇಳಿದ. ಎರಡೂ ಕಡೆಯ ಆಪರೇಟರುಗಳು ಗುಂಡಿ ಒತ್ತಿದರು. ಕಂಪ್ಯೂಟರು ಎರಡೂ ಸಲ ನೋಡಿದಾಗ ಆ ಮನೆಯ ಕೊನೆಯ ನಂಬರು ಇಪ್ಪತ್ತಾರೇ ಆಗಿತ್ತು. ಇಬ್ಬರಿಗೂ ಇಪ್ಪತ್ತೇಳು ಕೊಟ್ಟಿತು.

ಹಿಂಡು ಊರಿಗೆ ಮರಳಿದಾಗ ಇದು ಗೊತ್ತಾಯಿತು. ಇವರು ಸಾಬಮ್ಮನಿಗೆ ಫೋನು ಮಾಡಿ, ಎರಡರಲ್ಲಿ ಒಂದರ ಬಿಲ್ಲೆ ಬದಲಿಸಬೇಕು ಎಂದರು. ನಾನು ಎದುರಿಗೇ ಕೂತಿದ್ದೆ. ಅವಳ ದನಿ ಫೋನಿನಿಂದ ಹೊರಗೆ ಕೇಳುತ್ತಿತ್ತು.

“ಯಾಕ ಬದಲಿಸಬೇಕ್ರಿ ಸಾಹೇಬ್ರ? ಒಂದು ಟಗರ, ಒಂದು ಕುರಿ. ನನಗ ಗುರ್ತ ಅದ. ನಿಮಗ ಸಿಗಲಿಲ್ಲಂದ್ರ ನನ್ನ ಕೇಳ್ರಿ, ಹೇಳ್ತೀನಿ.”

“ಕಂಪ್ಯೂಟರಿಗಿ ಗುರ್ತ ಸಿಗಂಗಿಲ್ಲವ್ವಾ.”

“ಅದಕ್ಕ ಕಣ್ಣಿಲ್ಲೇನು?”

ಫೋನು ಇಟ್ಟ ಮೇಲೆ ಅವರು ನನ್ನ ಕಡೆ ನೋಡದೆ, “ಇಲ್ಲ,” ಎಂದರು. ಅವಳಿಗೆ ಕೊಡಬೇಕಾಗಿದ್ದ ಉತ್ತರ ಅದು.

ಮೊದಲು ಅವರು, ಒಂದು ಮನೆಯಲ್ಲಿ ಒಂದು ನಂಬರು ಎರಡನೇ ಸಲ ಬಂದರೆ ಕಂಪ್ಯೂಟರಿನಲ್ಲಿ ಕುರಿಗಳ ಪಟ್ಟಿಯಿದ್ದ ಟೇಬಲ್ಲು ಅದನ್ನು ಒಳಗೆ ಬಿಡಬಾರದು ಎಂದು ಕಟ್ಟು ಹಾಕಿದರು. ಆಮೇಲೆ ನಂಬರು ಕೊಡುವ ಹೊತ್ತಿಗೆ ಇಡೀ ಟೇಬಲ್ಲಿಗೇ ಬೀಗ ಹಾಕಿದರು. ಒಬ್ಬರ ಕೆಲಸ ಮುಗಿಯುವ ತನಕ ಇನ್ನೊಬ್ಬರು ಕಾಯಬೇಕು. ಕಾಗದದ ಮೇಲೆ ಸರಿಯಾಗಿತ್ತು. ಮೂರೂ ಕಡೆ ಒಟ್ಟಿಗೆ ಬಿಲ್ಲೆ ಹಾಕುವ ಕ್ಯಾಂಪು ಇಟ್ಟ ದಿನ ತಾಂಡೂರಿನ ಆಪರೇಟರು ಕಂಪ್ಯೂಟರಿನಲ್ಲಿ ಒಂದು ಮನೆಯ ಪುಟ ತೆರೆದಿಟ್ಟು, ಬೀಗ ಬಿಡದೆ ಚಹಾಕ್ಕೆ ಹೋದ. ನಾರಾಯಣಖೇಡದಲ್ಲಿ, ಜಹೀರಾಬಾದಿನಲ್ಲಿ ಕುರಿಗಳು ಬಿಸಿಲಲ್ಲಿ ನಿಂತವು. ಕುರಿಗಾರರು ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದರು. ಇವರ ಫೋನು ಬಿಡುವಿಲ್ಲದೆ ರಿಂಗಾಯಿತು.

ಇವರು ತಾಂಡೂರಿನ ಆಪರೇಟರನೊಂದಿಗೆ ಬಹಳ ದಿನ ಮಾತು ಬಿಟ್ಟರು. ಅದು ಸರಿಯಲ್ಲ ಎಂದು ನನಗನ್ನಿಸಿತ್ತು, ಹೇಳಿದೆ. ಚಹಾ ಕುಡಿಯುವುದು ಅವನ ತಪ್ಪಲ್ಲ, ಅವನು ಎದ್ದುಹೋದರೆ ಎಲ್ಲರೂ ನಿಲ್ಲುವಂತೆ ಮಾಡಿದವರು ನೀವು ಎಂದೆ. ಅವರು ಒಂದು ವಾರ ಕಳೆದ ಮೇಲೆ ನನ್ನ ಕೋಣೆಗೆ ಬಂದು, ಈ ಸಲ ಕುರ್ಚಿ ಎಳೆದುಕೊಂಡು ಕೂತು, ಹೊಸ ಏರ್ಪಾಟು ವಿವರಿಸಿದರು. ಪ್ರತಿ ಮನೆಗೂ ಒಂದು ಸಾಲು ಬೇರೆ ಇಟ್ಟಿದ್ದರು. ಆ ಸಾಲಿನಲ್ಲಿ ಆ ಮನೆಗೆ ಕೊಟ್ಟ ಕೊನೆಯ ನಂಬರು ಮಾತ್ರ. ನಂಬರು ಬೇಕಾದವರು ಮೊದಲು ಆ ಸಾಲನ್ನು ಹಿಡಿಯಬೇಕು, ಒಂದು ಕೂಡಿಸಬೇಕು, ಕುರಿಯನ್ನು ಬರೆದು ಸಾಲು ಬಿಡಬೇಕು.

“ಮನಿಗೊಂದು ಬಚ್ಚಲ ಇರ್ತದ ನೋಡ್ರಿ. ಒಬ್ಬ ಒಳಗ ಹೋಗಿ ಚಿಲಕ ಹಾಕಿದ್ರ ಆ ಮನಿಯವ್ರು ಹೊರಗ ನಿಲ್ಲಬೇಕು. ಓಣಿ ಮಂದಿ ಎಲ್ಲಾ ಯಾಕ ನಿಲ್ಲಬೇಕು?”

“ಒಳಗ ಹೋದಾಂವ ಅಲ್ಲೇ ಕುಂತಬಿಟ್ರ?”

“ಸ್ವಲ್ಪ ಹೊತ್ತು ನೋಡಿ ಚಿಲಕ ತಾನೇ ತೆಗೀತದ.”

“ಎಲ್ಲಾರ ಮುಂದ?”

ಆಗ ಮಾತ್ರ ಅವರು ನಕ್ಕದ್ದು ನೆನಪಿದೆ. ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಆ ಏರ್ಪಾಟು ಮಾಡಿದ ಮೇಲೆ ಎರಡು ಕುರಿಗೆ ಒಂದು ನಂಬರು ಮತ್ತೆ ಬರಲಿಲ್ಲ. ತಾಂಡೂರಿನ ಆಪರೇಟರನಿಗೆ ಅವರೇ ಫೋನು ಮಾಡಿ, ಚಹಾ ಆಯ್ತೇನು ಎಂದು ಕೇಳಿದರಂತೆ. ಅವರಿಂದ ಕ್ಷಮೆ ಎಂದು ಸಿಗುತ್ತಿದ್ದದ್ದು ಅಷ್ಟು.

ಇನ್ನೊಂದು ಜಗಳ ಖಾಲಿ ನಂಬರುಗಳದು. ಕುರಿ ಸಾಯುತ್ತದೆ, ಮಾರಿ ಹೋಗುತ್ತದೆ. ಆ ನಂಬರು ಇವರು ಯಾರಿಗೂ ಕೊಡುತ್ತಿರಲಿಲ್ಲ. ಒಂದು ಮನೆಯ ಪಟ್ಟಿ ತೆಗೆದರೆ ಒಂಬತ್ತಾದ ಮೇಲೆ ಹನ್ನೆರಡು, ಹನ್ನೆರಡಾದ ಮೇಲೆ ಹದಿಮೂರು. ತಪಾಸಣೆಗೆ ಬಂದವರೊಬ್ಬರು ಹತ್ತು, ಹನ್ನೊಂದು ಎಲ್ಲಿ ಎಂದು ಕೇಳಿದರು. ಮ್ಯಾನೇಜರಿಗೆ ಅವಮಾನವಾದಂತಾಯಿತು. ಅವರು ಮೇಲೆ ಬಂದು ಬಾಗಿಲಲ್ಲೇ ಹೇಳಿದರು.

“ಹಲ್ಲು ಬಿದ್ದಂಗ ಕಾಣಸ್ತದ್ರಿ ನಿಮ್ಮ ಪಟ್ಟಿ. ಹೊಸಾ ಕುರಿಗಿ ಖಾಲಿ ನಂಬರ ಕೊಡ್ರಿ, ತುಂಬತದ.”

“ಕೊಟ್ರ ಸತ್ತ ಕುರಿ ಲಸಿಕಿ ಹೊಸಾ ಕುರಿ ಮೈಯಾಗ ಬರ್ತದ್ರಿ.”

“ಕಂಪ್ಯೂಟರದಾಗ ಬರ್ತದ.”

“ನಿಮ್ಮ ಡಾಕ್ಟರು ಕಂಪ್ಯೂಟರ್ ನೋಡೇ ಸೂಜಿ ಹಿಡೀತಾರ.”

ಒಮ್ಮೆ ಕೊಟ್ಟ ನಂಬರು ಇನ್ನೊಬ್ಬರಿಗೆ ಇಲ್ಲ. ಇದನ್ನು ಅವರು ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿ, ನಿಯಮವಾಗಿ ಬರೆಸಿದರು. ಜೊತೆಗೆ ಇನ್ನೂ ಎರಡು ಸೇರಿಸಿದರು. ಕುರಿ ಸತ್ತರೆ ಬಿಲ್ಲೆಯನ್ನು ಹತ್ತಿರದ ಆಫೀಸಿಗೆ ತಂದು ಒಪ್ಪಿಸಬೇಕು. ಬಿಲ್ಲೆ ತಿದ್ದಿದವರ, ಬದಲಿಸಿದವರ ಸದಸ್ಯತ್ವ ರದ್ದಾಗುತ್ತದೆ. ಬಾಯಿಮಾತಿಗೆ ಅವರಲ್ಲಿ ಬೆಲೆಯಿರಲಿಲ್ಲ. ಕೈಗೆ ಬಂದದ್ದಷ್ಟೇ ಅವರ ಪಾಲಿಗೆ ಖರೆ. ಇದನ್ನೆಲ್ಲ ಅವರು ಮಾಡಿದ್ದು ಕುರಿಗಳ ಒಳ್ಳೆಯದಕ್ಕೇ. ಆದರೆ ಆವರೆಗೆ ಅವರು ಒಂದು ಹಿಂಡಿನ ನಡುವೆ ನಿಂತವರಲ್ಲ. ಅವರ ಮನೆಯಲ್ಲಿ ಅಪ್ಪನ ಕಾಲದಿಂದ ಎಲ್ಲರೂ ಸಂಬಳದವರು. ಕುರಿ ಹತ್ತಿರ ಬಂದರೆ ಅವರು ಪ್ಯಾಂಟು ಎತ್ತಿ ಹಿಡಿದು ಪಕ್ಕಕ್ಕೆ ಸರಿಯುತ್ತಿದ್ದುದನ್ನು ಕ್ಯಾಂಪಿನಲ್ಲಿ ನಾನೇ ನೋಡಿದ್ದೇನೆ.

ಮುಂದಿನ ವರ್ಷ ಸಾಬಮ್ಮನ ಹಿಂಡಿಗೆ ಬೇನೆ ಬಂತು. ಜ್ವರ, ಮೂಗಿನಲ್ಲಿ ಸಿಂಬಳ, ಬಾಯಿ ಹುಣ್ಣು. ಮರಿಗಳು ಮಲಗಿದವು, ಕೆಲವು ಏಳಲಿಲ್ಲ. ಕಂಪ್ಯೂಟರಿನಲ್ಲಿ ನೋಡಿದರೆ ಆ ಮನೆಯ ಒಂದು ಕುರಿಯೂ ಲಸಿಕೆಗೆ ಬಾಕಿ ಇರಲಿಲ್ಲ. ಸಂಘದ ಡಾಕ್ಟರು ಹೋಗಿ ನೋಡಿ ಬಂದು ಹೇಳಿದ್ದು ಇದು: ಸತ್ತ ಮರಿಗಳ ಬಿಲ್ಲೆಗಳು ಕಿವಿಗೆ ಒತ್ತಿದವಲ್ಲ, ದಾರದಿಂದ ಕೊರಳಿಗೆ ಕಟ್ಟಿದವು. ಹಿಂದೆ ಸತ್ತ ದೊಡ್ಡ ಕುರಿಗಳ ಬಿಲ್ಲೆಗಳನ್ನು ಕತ್ತರಿಸಿ ತೆಗೆದು ಮರಿಗಳಿಗೆ ಕಟ್ಟಲಾಗಿದೆ. ಲಸಿಕೆ ಹಾಕುವವರು ನಂಬರು ನೋಡಿದ್ದಾರೆ, ಆಗಿದೆ ಎಂದು ಕಂಡಿದೆ, ಮುಂದಕ್ಕೆ ಹೋಗಿದ್ದಾರೆ.

ನಿಯಮದ ಪ್ರಕಾರ ಸಾಬಮ್ಮನ ಮನೆಯನ್ನು ಸಂಘದಿಂದ ತೆಗೆಯಬೇಕು. ತೆಗೆದರೆ ಆ ವಾರ ಬಶೀರಾಬಾದ್ ಕಡೆ ಹೊರಟಿದ್ದ ಲಸಿಕೆಯ ಗಾಡಿ ಅವಳ ಹಟ್ಟಿಯ ಮುಂದೆ ನಿಲ್ಲುವುದಿಲ್ಲ. ಉಳಿದ ಮರಿಗಳಿಗೆ ಸೂಜಿ ಇಲ್ಲ. ಲಸಿಕೆ ಇಲ್ಲದ ಹಿಂಡನ್ನು ಬೇರೆ ಕುರಿಗಾರರು ಹತ್ತಿರ ಸೇರಿಸುವುದಿಲ್ಲ, ಹೊಲದವರು ಗೊಬ್ಬರಕ್ಕೆಂದು ರಾತ್ರಿ ತಮ್ಮ ಹೊಲದಲ್ಲಿ ತರುಬಲು ಕರೆಯುವುದಿಲ್ಲ. ಒಂದು ಹಿಂಡು ಕರಗಿಹೋಗಲು ಅಷ್ಟು ಸಾಕು. ತಾಂಡೂರಿನಲ್ಲಿ ಸಮಿತಿ ಸಭೆ ಗೊತ್ತಾಯಿತು. ಇವರು ಬಂದು ಆ ಮನೆಯ ದಾಖಲೆ ಮುಂದಿಡಬೇಕು ಎಂದು ಮ್ಯಾನೇಜರು ಹೇಳಿಕಳಿಸಿದರು.

ಸಭೆಯ ಹಿಂದಿನ ದಿನ ಅವರು ನನ್ನ ಬಾಗಿಲಿಗೆ ಬಂದರು. “ಬಶೀರಾಬಾದಿಗಿ ಹೋಗೋಣ ನಡೀರಿ. ಅಕಿ ಯಾಕ ಹಿಂಗ ಮಾಡ್ಯಾಳ ಕೇಳ್ಬೇಕು,” ಎಂದರು. ಸಿಟ್ಟಿನಲ್ಲಿದ್ದರು. ತಮ್ಮ ನಿಯಮವನ್ನು ಒಬ್ಬರು ಬೇಕೆಂದೇ ಮುರಿದಿದ್ದಾರೆ ಎಂದು ಅವರ ಎಣಿಕೆ. ತಾಂಡೂರಿನ ತನಕ ಬಸ್ಸು, ಅಲ್ಲಿಂದ ಬಶೀರಾಬಾದಿಗೆ ಇನ್ನೊಂದು ಬಸ್ಸು, ಮುಂದೆ ಆಟೋ.

ಸಾಬಮ್ಮ ಹಟ್ಟಿಯ ಬಾಗಿಲಲ್ಲಿ ಕಾಯಿಲೆಯ ಮರಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಬಾಯಿ ಒರೆಸುತ್ತಿದ್ದಳು. ನಮ್ಮನ್ನು ನೋಡಿ ಏಳಲಿಲ್ಲ.

“ಬಂದ್ರ್ಯಾ ಸಾಹೇಬ್ರ? ಕುಂದ್ರ್ರಿ. ನೀರ ಕುಡೀತೀರೇನು?”

“ಬಿಲ್ಲೆ ಯಾಕ ಬದಲ ಮಾಡ್ದಿ ಯಮ್ಮಾ?” ಎಂದು ಇವರು ನಿಂತೇ ಕೇಳಿದರು.

“ಬದಲ ಎಲ್ಲಿ ಮಾಡೀನ್ರಿ? ಅದರ ಜಾಗಾದಾಗ ಅದರ ಮರಿ ಇಟ್ಟೀನಿ.”

ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಹಿಂಡಿನ ಮುಂದೆ ನಡೆಯುವ ಕುರಿಗೆ ಕೊರಳಲ್ಲಿ ಗಂಟೆ. ಅದು ಸತ್ತರೆ ಗಂಟೆಯನ್ನು ಅದರ ಹೊಟ್ಟೆಯಲ್ಲಿ ಹುಟ್ಟಿದ ಮರಿಗೆ ಕಟ್ಟುತ್ತಾರೆ. ಬೇರೆ ಕುರಿಗಳಿಗೂ ಬಣ್ಣದ ದಾರ, ಕವಡೆ, ಹೀಗೆ ಏನಾದರೊಂದು ಇರುತ್ತದೆ. ಅದೂ ಹಾಗೆಯೇ ತಾಯಿಯಿಂದ ಮರಿಗೆ. ಸತ್ತ ಕುರಿಯ ಜಾಗ ಹಿಂಡಿನಲ್ಲಿ ಖಾಲಿ ಬಿಡುವುದಿಲ್ಲ. ಬಿಲ್ಲೆ ಬಂದಾಗ ಅವಳಿಗೆ ಅದೂ ಒಂದು ಗಂಟೆಯಂತೆ ಕಂಡಿದೆ. ನಾಲ್ಕನೇ ನಂಬರಿನ ಕುರಿ ಸತ್ತಿತು, ಅದರ ಗಂಟೆ, ಅದರ ನಾಲ್ಕು, ಎರಡನ್ನೂ ಅದರ ಮರಿಗೆ ಕಟ್ಟಿದಳು.

“ಆಫೀಸಿಗಿ ಹೋಗಿ ಹೊಸಾ ಬಿಲ್ಲೆ ಕೇಳಬೇಕಾಗಿತ್ತಲ್ಲ?”

“ಕೇಳೀನ್ರಿ. ಸಣ್ಣಮಗ ಹೋಗಿದ್ದ. ಅರವತ್ತೊಂದು ಅಂತ ಕೊಡಾಕ ಬಂದಾರ. ನಾಕರ ಮರಿ ಅರವತ್ತೊಂದು ಹ್ಯಾಂಗಾತದ್ರಿ? ನಾಕು ಖಾಲಿ ಅದ, ಅದನೇ ಕೊಡ್ರಿ ಅಂದಾನ. ನಂಬರ್ ಸಾಹೇಬ್ರು ಕೊಡಬ್ಯಾಡ ಅಂದಾರ ಅಂದ್ರಂತ.”

“ಸತ್ತದ್ದರ ಬಿಲ್ಲೆ ಆಫೀಸಿಗಿ ಯಾಕ ಒಪ್ಪಿಸಲಿಲ್ಲ?”

“ಒಂದು ಕುರಿ ಸತ್ರ ಅದರ ಕಿವಿ ಕೊಯ್ದು, ಬಸ್ ಹತ್ತಿ, ತಾಂಡೂರಿಗಿ ಹೋಗಿ ಕಂಪ್ಯೂಟರಿಗಿ ಸುದ್ದಿ ಹೇಳ್ಬೇಕ್ರಿ? ನಮ್ಮ ಬೀಗರ ಮನ್ಯಾಗ ಮನಷ್ಯಾ ಸತ್ರ ಫೋನ್ ಮಾಡ್ತಾರ.”

ಇವರು ಹಾಸಿದ್ದ ಕಂಬಳಿಯ ಮೇಲೆ ಕೂತರು. ಅವಳು ಒಂದೊಂದೇ ಮರಿಯನ್ನು ತೋರಿಸಿ ಇದು ಯಾವುದರ ಮರಿ, ಅದು ಯಾವುದರ ಮರಿ ಎಂದು ಹೇಳುತ್ತ ಹೋದಳು. ನಂಬರು ಹೇಳಿ ತಾಯಿಯ ಬಣ್ಣ ಹೇಳುತ್ತಿದ್ದಳು, ತಾಯಿಯ ತಾಯಿಯ ನಡಿಗೆ ಹೇಳುತ್ತಿದ್ದಳು. ಅವಳಿಗೆ ಲಸಿಕೆಯ ವಿಷಯ ಯಾರೂ ಬಿಡಿಸಿ ಹೇಳಿರಲಿಲ್ಲ. ಸೂಜಿ ಹಿಂಡಿಗೆ ಹಾಕುತ್ತಾರೆ, ನಂಬರು ಹಿಂಡಿನಲ್ಲಿಯ ಜಾಗಕ್ಕೆ ಕೊಡುತ್ತಾರೆ ಎಂದು ಅವಳು ತಿಳಿದಿದ್ದಳು.

“ನನ್ನ ತೆಗೀತೀರೇನ್ರಿ ಸಂಘದಾಗಿಂದ?” ಎಂದು ಕೊನೆಗೆ ಕೇಳಿದಳು. ದನಿ ಬದಲಾಗಿರಲಿಲ್ಲ, ಆದರೆ ಮರಿಯ ಬಾಯಿ ಒರೆಸುತ್ತಿದ್ದ ಕೈ ನಿಂತಿತ್ತು.

“ನಾಳಿ ಸಭಾ ಅದ,” ಎಂದರು. ಅಷ್ಟೇ. ಅವರು ಸುಳ್ಳು ಸಮಾಧಾನ ಹೇಳುವವರಲ್ಲ.

ತಾಂಡೂರಿನ ಸಭೆಗೆ ನಾನು ವರದಿಗಾರನಾಗಿಯೇ ಹೋಗಿದ್ದೆ. ಹೊರಗೆ ತೊಗರಿಯ ಲಾರಿಗಳು ಸಾಲು ನಿಂತು ಒಂದೇ ಸಮನೆ ಹಾರ್ನು. ಒಳಗೆ ಅಧ್ಯಕ್ಷರು, ಸಮಿತಿಯವರು, ಮ್ಯಾನೇಜರು. ಮ್ಯಾನೇಜರು ನಿಯಮ ಓದಿದರು. ತೆಗೆಯದಿದ್ದರೆ ನಾಳೆ ಎಲ್ಲರೂ ಹೀಗೇ ಮಾಡುತ್ತಾರೆ ಎಂದರು. ಆ ಮಾತಿನಲ್ಲೂ ನ್ಯಾಯವಿತ್ತು, ಬೇನೆ ಪಕ್ಕದ ಹಿಂಡುಗಳ ಮರಿಗಳನ್ನೂ ಕೊಲ್ಲಬಹುದಿತ್ತು. ಆಮೇಲೆ ಇವರ ಕಡೆ ನೋಡಿದರು.

ಇವರು ಎದ್ದರು. ದಾಖಲೆಯ ಕಾಗದ ತಂದಿರಲಿಲ್ಲ.

“ನಿಯಮ ಬರೆಸಿದಾಂವ ನಾನೇ. ಅದರಾಗ ತಪ್ಪದ. ಅಕಿನ್ನ ತೆಗೆಯೋದಾದ್ರ ಮೊದಲ ನನ್ನ ತೆಗೀಬೇಕಾಗ್ತದ.”

ಅವರು ಮುಂದುವರಿಸಿದರು. ಒಂದೇ ನಂಬರಿಗೆ ತಾವು ಎರಡು ಕೆಲಸ ಹಚ್ಚಿದ್ದೇ ತಪ್ಪು ಎಂದರು. ಈ ಕುರಿ ಯಾವುದು ಎಂದು ಹೇಳುವುದು ಒಂದು ಕೆಲಸ. ಮನೆಯ ಹಿಂಡಿನಲ್ಲಿ ಅದರ ಜಾಗ ಯಾವುದು ಎಂದು ಹೇಳುವುದು ಇನ್ನೊಂದು. ಮೊದಲನೆಯದಕ್ಕೆ ಇಡೀ ಸಂಘದಲ್ಲಿ ಮತ್ತೆಂದೂ ಬಾರದ ಒಂದು ಉದ್ದ ನಂಬರು ಬೇಕು. ಅದು ಕಂಪ್ಯೂಟರಿಗೆ. ಲಸಿಕೆಯ ಲೆಕ್ಕ ಅದರ ಮೇಲೆ. ಎರಡನೆಯದು ಮನೆಯವರಿಗೆ, ಪ್ರತಿ ಮನೆಗೂ ಒಂದರಿಂದ. ಕುರಿ ಸತ್ತರೆ ಕಂಪ್ಯೂಟರಿನಲ್ಲಿ ಅದರ ಸಾಲು ‘ಸತ್ತಿದೆ’ ಎಂಬ ಗುರುತಿನೊಂದಿಗೆ ಹಾಗೇ ಉಳಿಯುತ್ತದೆ, ಮನೆಯ ನಂಬರು ಮಾತ್ರ ಬಿಡುಗಡೆಯಾಗುತ್ತದೆ. ಬದುಕಿರುವ ಕುರಿಗಳಲ್ಲಿ ಒಂದು ಮನೆಯ ಒಂದು ನಂಬರು ಒಂದಕ್ಕೇ ಇರಬೇಕು, ಅಷ್ಟು ಸಾಕು. ಸತ್ತ ಸುದ್ದಿಯನ್ನು ಫೋನಿನಲ್ಲಿ ಹೇಳಿದರೂ ನಡೆಯಬೇಕು.

ಮ್ಯಾನೇಜರು ಕೇಳಲೇಬೇಕಾದದ್ದನ್ನು ಕೇಳಿದರು. “ಹೋದ ವರ್ಷ ಇದೇ ಮಾತು ನಾ ಅಂದಾಗ ಏನಂದಿದ್ರಿ?”

“ಹೋದ ವರ್ಷ ನಾ ಕುರಿ ನೋಡಿದ್ದಿಲ್ರಿ.”

“ಎಲ್ಲಾ ಕುರಿಗಿ ಹೊಸಾ ಬಿಲ್ಲೆ ಹಚ್ಚಬೇಕು. ಎಷ್ಟ ದಿನ ಬೇಕ್ರಿ?”

“ದಿನ ಆಗ್ತಾವ. ನಾನೇ ಹೋಗಿ ನಿಂತು ಹಚ್ಚಸ್ತೀನಿ. ಲಸಿಕಿ ಗಾಡಿ ಮಾತ್ರ ಈ ವಾರ ಅಕಿ ಹಟ್ಟಿಗಿ ಹೋಗಬೇಕು, ನಂಬರ್ ನೋಡಲಾರದೆ ಎಲ್ಲಾ ಮರಿಗಿ ಹಾಕಬೇಕು.”

ಅಧ್ಯಕ್ಷರು ಕುರಿಗಾರರೇ. ಅವರು ಬಹಳ ಹೊತ್ತು ತಲೆ ಕೆರೆದುಕೊಂಡು, “ನಮ್ಮ ಮನ್ಯಾಗೂ ದಾರ ಕಟ್ಟಿದ್ವು ಒಂದೆರಡು ಅದಾವ,” ಎಂದರು. ಆ ಮಾತು ಬಂದ ಮೇಲೆ ಇನ್ನಿಬ್ಬರು ತಮ್ಮ ಮನೆಯದನ್ನೂ ಹೇಳಿದರು. ಸಾಬಮ್ಮನ ಹೆಸರು ಉಳಿಯಿತು, ಗಾಡಿ ಹೋಯಿತು. ನಾನು ಆ ದಿನ ಬರೆದ ಸುದ್ದಿಯಲ್ಲಿ ‘ಸದಸ್ಯತ್ವ ರದ್ದತಿ ಪ್ರಸ್ತಾವ ಕೈಬಿಟ್ಟ ಸಂಘ’ ಎಂದಷ್ಟೇ ಇದೆ.

ಮ್ಯಾನೇಜರು ಅದನ್ನು ಮರೆಯಲಿಲ್ಲ. ಹೊಸ ಏರ್ಪಾಟು ಮುಗಿದ ಮೇಲೆ ಇವರ ಕೆಲಸದ ಕರಾರು ಮುಂದುವರಿಯಲಿಲ್ಲ. ಈ ವಿಷಯವನ್ನು ಇವರು ತಾವಾಗಿ ಎಂದೂ ಎತ್ತಲಿಲ್ಲ, ನಾನು ಕೇಳಿದಾಗ, “ಕೆಲಸ ಮುಗಿದಿತ್ತಲ್ರಿ,” ಎಂದರು. ಎರಡೂ ನಿಜವಿರಬಹುದು. ನಾನು ಎರಡನ್ನೂ ಬರೆಯುತ್ತಿದ್ದೇನೆ.

ಆದರೆ ಅದಕ್ಕೆ ಮೊದಲು ಅವರು ಮೂರೂ ಕಡೆ ಹಳ್ಳಿ ಹಳ್ಳಿ ತಿರುಗಿದರು. ಮೊದಲು ಹೋದದ್ದು ಸಾಬಮ್ಮನ ಹಟ್ಟಿಗೆ. ಹೊಸ ಬಿಲ್ಲೆಯ ಒಂದು ಬದಿಗೆ ಸಣ್ಣ ಅಕ್ಷರದಲ್ಲಿ ಉದ್ದ ನಂಬರು, ಇನ್ನೊಂದು ಬದಿಗೆ ದಪ್ಪಗೆ ಮನೆಯ ನಂಬರು. ಬೇನೆಯಿಂದ ಉಳಿದಿದ್ದ ಒಂದು ಮರಿಯನ್ನು ಸಣ್ಣಮಗ ಹಿಡಿದುಕೊಂಡಿದ್ದ. ಅದರ ಕೊರಳಲ್ಲಿ ಗಂಟೆ ಇತ್ತು. ಇವರು ಬಿಲ್ಲೆ ಒತ್ತುವ ಇಕ್ಕಳ ಹಿಡಿದು ಬಗ್ಗಿದರು. ಮರಿ ಕೊಸರಿತು, ಇವರು ಹಿಂದೆ ಸರಿದರು. ಮತ್ತೆ ಬಗ್ಗಿದರು. ಕಿವಿಯ ಯಾವ ಜಾಗಕ್ಕೆ ಒತ್ತಬೇಕೆಂದು ತಿಳಿಯದೆ ಇಕ್ಕಳ ಅಲ್ಲಿಂದ ಇಲ್ಲಿಗೆ ಆಡಿತು.

“ಕೊಡ್ರಿ ಇಲ್ಲಿ,” ಎಂದು ಸಾಬಮ್ಮ ಇಕ್ಕಳ ಕಸಿದುಕೊಂಡಳು. “ನೀವು ನಂಬರ್ ಹೇಳ್ರಿ, ನಾ ಹಚ್ತೀನಿ.”

ಇವರು ಕಾಗದ ನೋಡಿ ಉದ್ದ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದರು. ಅವಳು ಮುಗಿಯುವ ತನಕ ಕಾದಳು.

“ಅದು ನಿಮ್ಮದಾತು. ನಮ್ಮದು ಹೇಳ್ರಿ.”

“ನಾಕು.”

ಅವಳು ಒತ್ತಿದಳು. ಮರಿ ಒಮ್ಮೆ ಕೂಗಿ ತಲೆ ಕೊಡವಿತು. ಸಣ್ಣಮಗ ಕೈಬಿಟ್ಟ. ಅದು ಓಡಿಹೋಗಿ, ನಿಂತಿದ್ದ ದೊಡ್ಡ ಕುರಿಗಳ ಸಂದಿಯಲ್ಲಿ ನುಸುಳಿ, ಎಲ್ಲಕ್ಕಿಂತ ಮುಂದೆ ಹೋಗಿ ನಿಂತಿತು. ಇವರು ಅದನ್ನೇ ನೋಡುತ್ತಿದ್ದರು. ಆಮೇಲೆ ಕಾಗದದ ಮೇಲೆ ಆ ಸಾಲಿಗೆ ಗುರುತು ಹಾಕಿ, ಮುಂದಿನ ಮರಿಯನ್ನು ಈ ಸಲ ತಾವೇ ಹಿಡಿಯಲು ಪ್ಯಾಂಟು ಮಡಚತೊಡಗಿದರು.